ಬಳೆಗಲ್ಲಿಗೆ ಗಾಡಿ ಬಂದವು

ನನ್ನ ಗಂಡ ಒಂದು ಕಾಲಕ್ಕೆ ನಿಪ್ಪಾಣಿ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಹರಾಜಿನ ಸವಾಲು ಕೂಗುತ್ತಿದ್ದರು. ಅವರು ಕೂಗಿದರೆ ಹೈವೇದ ಮೇಲೆ ಹೋಗುವ ಲಾರಿಯವನಿಗೂ ಬೆಲ್ಲದ ರೇಟು ಗೊತ್ತಾಗುತ್ತದೆ ಎಂದು ಜನ ನಗಾಡುತ್ತಿದ್ದರು. ಅಷ್ಟು ದೊಡ್ಡ ಬಾಯಿಯವರು ಮದುವೆಯಾದಾಗಿನಿಂದ ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. "ಏ, ಕೇಳಿಲ್ಲಿ" ಅನ್ನುವುದೇ ನನ್ನ ಹೆಸರು. ಮೆತ್ತಗೆ ಕರೆಯಲು ಬರುತ್ತಿರಲಿಲ್ಲ, ಜೋರಾಗಿ ಕರೆದರೆ ಇಡೀ ಓಣಿಗೆ ಕೇಳುತ್ತದಲ್ಲ ಎಂಬ ನಾಚಿಕೆ.

ಆಮೇಲೆ ಗಂಟಲಲ್ಲಿ ಗಂಟು ಬಂತು. ಮಿರಜಿನಲ್ಲಿ ಆಪರೇಶನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಪಿಸುಮಾತೊಂದೇ ಉಳಿಯಿತು.

ಅದೇ ವರ್ಷ, ಎರಡು ಸಾವಿರದ ಒಂಬತ್ತರಲ್ಲಿ, ನಗರಸಭೆಯವರು ನಮ್ಮ ಬಳೆಗಲ್ಲಿಯ ಎರಡೂ ತುದಿಗೆ ಕಬ್ಬಿಣದ ಕಂಬ ನೆಟ್ಟರು. ಇನ್ನು ಮೇಲೆ ಗಾಡಿ ಇಲ್ಲ, ಜನ ಆರಾಮಾಗಿ ನಡೆದು ಬಜಾರ ಮಾಡಲಿ ಎಂದರು. ನಮ್ಮದು ಬಳೆ ಮತ್ತು ಮ್ಯಾಚಿಂಗ್ ಬ್ಲೌಸ್ ಪೀಸಿನ ಅಂಗಡಿ. ನಾನು ಒಳಗೆ ಗಲ್ಲಾದ ಮುಂದೆ ಕೂಡುತ್ತಿದ್ದೆ, ಅವರು ಹೊರಗೆ ಕಟ್ಟೆಯ ಮೇಲೆ. ಒಂದು ಮಧ್ಯಾಹ್ನ ಗಲ್ಲಿಯೆಲ್ಲ ಸುಮ್ಮನಿದ್ದಾಗ ಯಾರೋ "ಸಕ್ಕೂ" ಅಂದರು. ತವರಿನವರು ಮಾತ್ರ ನನ್ನನ್ನು ಹಾಗೆ ಕರೆಯುವುದು. ಏಕಸಂಬಿಯಿಂದ ನಮ್ಮಣ್ಣ ಬಂದನೇನೋ ಎಂದು ಎದ್ದೇ ನಿಂತೆ. ನೋಡಿದರೆ ಇವರು.

ಆಮೇಲೆ ಅವರಿಗೆ ಅದೇ ಚಟ. "ಸಕ್ಕೂ, ನೀರ ಕೊಡು." "ಸಕ್ಕೂ, ಬಿಸಲ ಇಳೀತು." ಮೊಮ್ಮಕ್ಕಳು ಬರುವ ವಯಸ್ಸಿಗೆ ಈ ಸುಖ ಬೇಕಿತ್ತೇ ಎಂದು ಕೇಳುವವರು ಕೇಳಲಿ. ಬೇಕಿತ್ತು. ಹೇಳಲು ನನಗೇನು ಅಂಜಿಕೆ?

ನಾಲ್ಕು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಊರವರೆಲ್ಲ ಗಾಡಿಯವರಾದರು. ಕಂಬದ ಆಚೆ ಗಾಡಿ ನಿಲ್ಲಿಸಿ ನಡೆಯುವುದು ಅವರಿಗೆ ಕಾಶಿಗೆ ಹೋದಷ್ಟು ದೂರವಾಯಿತು. ಹೈವೇ ಕಡೆಯ ಹೊಸ ಅಂಗಡಿಗಳಿಗೆ ಹೋಗತೊಡಗಿದರು. ನಮ್ಮ ಅಂಗಡಿಯ ಮಾಲು ತರುವುದು, ಬಣ್ಣ ಹೊಂದಿಸುವುದು ಎಲ್ಲ ಸೊಸೆ ಕೋಮಲನ ಕೆಲಸ. ಒಂದು ದಿನ ಅವಳು ಕಣ್ಣು ತುಂಬಿಕೊಂಡು, "ಅತ್ತಿ, ಕಂಬ ಕೀಳಲಿಲ್ಲಂದ್ರ ದೀಪಾವಳಿ ಆದ ಮ್ಯಾಲೆ ಅಂಗಡಿ ಮುಚ್ಚೂದ ಆಗ್ತೈತ್ರಿ" ಅಂದಳು. ಅವಳದು ಹೇಳಬಹುದಾದ ಕಷ್ಟ. ಗಾಡಿ ಬಂದರೆ ಆ ಪಿಸುಮಾತು ನನಗೆ ಕೇಳುವುದಿಲ್ಲ ಎಂಬ ನನ್ನ ಕಷ್ಟವನ್ನು ಯಾರಿಗೆ ಹೇಳಲಿ?

ನಗರಸಭೆಯವರು ಸಭೆ ಕರೆದರು. ಕನ್ನಡದಲ್ಲಿ ಶುರುವಾದ ಜಗಳ ಮರಾಠಿಯಲ್ಲಿ ಏರಿ ಮತ್ತೆ ಕನ್ನಡಕ್ಕೆ ಬರುತ್ತಿತ್ತು. ಎದುರಿನ ಸೀರೆ ಅಂಗಡಿಯ ಅಣ್ಣಾಸಾಬ ಗಾಡಿ ಬೇಕೇ ಬೇಕು ಎಂದ. ಕಂಬ ನೆಟ್ಟಾಗಿನಿಂದ ಗಲ್ಲಿಯ ನಡುವೆ ಕೂತು ಕಾಯಿಪಲ್ಲೆ ಮಾರುವ ಗಂಗೂಬಾಯಿ, "ಹಂಗಾರ ನಾವೇನ ನಿನ್ನ ತಲಿ ಮ್ಯಾಲೆ ಕೂಡೂನೇನೋ?" ಎಂದು ಗದರಿದಳು. ನಾನೂ ಎದ್ದು ನಿಂತೆ.

"ಗಾಡಿ ಬ್ಯಾಡ್ರಿ. ಧೂಳಕ್ಕ ಬ್ಲೌಸ್ ಪೀಸ್ ಎಲ್ಲಾ ಹೊಲಸ ಆಗ್ತಾವ್ರಿ."

"ವೈನಿ, ಹಿಂದಕ ಧೂಳ ಇದ್ದಿಲ್ಲೇನ್ರಿ? ನೀವ ಝಾಡಿಸಿ ಝಾಡಿಸಿ ಮಾರ್ತಿದ್ರಿ!" ಎಂದ ಅಣ್ಣಾಸಾಬ.

ಸಭೆಯೆಲ್ಲ ನಕ್ಕಿತು. ಕೋಮಲ ಮಾತ್ರ ನಗಲಿಲ್ಲ. ತನ್ನ ಅತ್ತೆಯೇ ತನಗೆ ಅಡ್ಡ ಬಂದಳಲ್ಲ ಎಂದು ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿ ಕೂತೆ.

ಆಗ ಇವರು ಎದ್ದರು. "ಬರ್ರಿ ಮುರಗೆಪ್ಪಣ್ಣಾ" ಎಂದು ಅಣ್ಣಾಸಾಬನೇ ಮೈಕು ಕೈಗೆ ಕೊಟ್ಟ. ಇವರು ಅದನ್ನು ತುಟಿಗೆ ಹಚ್ಚಿಕೊಂಡರು.

"ಸಕ್ಕೂ."

ಇಡೀ ಸಭೆಗೆ ಕೇಳಿತು. ಕೆಮ್ಮುವವರೂ ಕೆಮ್ಮು ನುಂಗಿಕೊಂಡರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ.

"ಧೂಳಿಂದಲ್ಲ ನಿನ್ನ ಚಿಂತಿ. ನನಗ ಗೊತ್ತೈತಿ. ನನ್ನ ಮಾತ ಕೇಳಸೂದಿಲ್ಲಂತ ನೀ ಗಾಡಿ ಬ್ಯಾಡ ಅನ್ನಾಕತ್ತಿ." ಉಸಿರು ತೆಗೆದುಕೊಂಡು ಮತ್ತೆ ಅಂದರು, "ನನ್ನ ಸಲುವಾಗಿ ಕೋಮಲನ ಅಂಗಡಿ ಮುಚ್ಚೂದ ಬ್ಯಾಡ. ಗಾಡಿ ಬರ್ಲಿ. ಗಂಗೂಬಾಯಿಗೂ ಒಂದೀಟ ಜಾಗಾ ಬಿಡ್ರಿ."

ಕೋಮಲ ನನ್ನ ಕೈ ಹಿಡಿದು ಅಳತೊಡಗಿದಳು. "ನನಗ ಯಾಕ ಹೇಳಲಿಲ್ರಿ, ಅತ್ತಿ?" ಇಂಥದ್ದನ್ನು ಯಾವ ಅತ್ತೆ ಸೊಸೆಯ ಮುಂದೆ ಹೇಳುತ್ತಾಳೆ?

ಕಾಯಿಪಲ್ಲೆಯವರಿಗೆ ಒಂದು ಬದಿ ಬಿಟ್ಟು, ದಸರೆಗಿಂತ ಮೊದಲೇ ಕಂಬ ಕಿತ್ತರು. ಮೊದಲ ದಿನ ಬೆಳಿಗ್ಗೆಯಿಂದಲೇ ಸ್ಕೂಟರು, ಟೆಂಪೋ, ಹಾರ್ನು. ಅಂಗಡಿಯಲ್ಲಿ ನಿಲ್ಲಲು ಜಾಗವಿಲ್ಲ. ಕೋಮಲನ ಮುಖ ಅರಳಿತ್ತು, ಅದನ್ನು ನೋಡಿ ನನಗೂ ಸಂತೋಷವೇ ಆಯಿತು. ಗಿರಾಕಿಯೊಬ್ಬಳಿಗೆ ಹಸಿರು ಬಳೆ ತೋರಿಸುತ್ತ ಹೊರಗೆ ನೋಡಿದೆ. ಕಟ್ಟೆಯ ಮೇಲೆ ಇವರು ನನ್ನ ಕಡೆ ತಿರುಗಿದ್ದರು. ತುಟಿ ಅಲುಗಿದವು. ಏನೂ ಕೇಳಲಿಲ್ಲ. ಮತ್ತೊಮ್ಮೆ ಅಲುಗಿದವು.

ಬಜಾರದಲ್ಲಿ, ಅದೂ ಸೊಸೆಯ ಕಣ್ಣ ಮುಂದೆ, ಗಂಡನ ಮಗ್ಗುಲಿಗೆ ಹೋಗಿ ಕೂಡುವ ಪದ್ಧತಿ ನಮ್ಮಲ್ಲಿಲ್ಲ. ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬಳೆಯ ಪೆಟ್ಟಿಗೆಯನ್ನು ಕೋಮಲನ ಕೈಗೆ ಕೊಟ್ಟು ಹೊರಗೆ ನಡೆದೆ. ಕಟ್ಟೆಯ ಮೇಲೆ ಅವರ ಭುಜಕ್ಕೆ ಭುಜ ಹಚ್ಚಿ ಕೂತು, ಬಾಯಿಯ ಹತ್ತಿರ ಕಿವಿ ಒಯ್ದೆ. ಎದುರಿನ ಅಣ್ಣಾಸಾಬ ಮಡಚುತ್ತಿದ್ದ ಸೀರೆಯನ್ನು ಹಾಗೇ ಹಿಡಿದು ನಿಂತ.

"ಏನ್ರಿ? ಏನ ಬೇಕಾಗಿತ್ತು?"

ಅವರ ಉಸಿರು ಕಿವಿಗೆ ಬಿಸಿಯಾಗಿ ತಾಗಿತು.

"ಏನೂ ಬ್ಯಾಡ. ನೀ ಹೊರಗ ಬರ್ತಿಯೋ ಇಲ್ಲೋ ನೋಡಾಕ ಕರದೆ."