ಜಿಮ್ಮಿಗೆ ಹೋದ ಕಂಡಕ್ಟರು

"ಟವೆಲ್ ಕೊಡಿ ಇಲ್ಲಿ," ಎಂದರು ಟೀಚರಮ್ಮ.

ಬಾಗಿಲ ಬಳಿ ಬೂಟಿನ ದಾರ ಬಿಚ್ಚುತ್ತಿದ್ದ ಕಂಡಕ್ಟರು ತಲೆ ಎತ್ತಲಿಲ್ಲ. "ಬೆವರಾಗಿದೆ ಕಣೆ. ನಾನೇ ಒಣಗಿಸ್ತೀನಿ ಬಿಡು."

"ಕೊಡಿ ಅಂದೆ."

ಮದುವೆಯಾಗಿ ಇಷ್ಟು ಕಾಲವಾದರೂ ಆ ದನಿಗೆ ಎದುರಾಡುವ ಧೈರ್ಯ ಅವರಿಗೆ ಬಂದಿರಲಿಲ್ಲ. ಕೊಟ್ಟರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೆಂಡತಿ ಟವೆಲನ್ನು ಮೂಗಿಗೆ ಹಿಡಿದು ಮೂಸಿದರು. ನಿಧಾನವಾಗಿ ಮಡಿಚಿ ತೊಡೆಯ ಮೇಲಿಟ್ಟುಕೊಂಡರು.

"ನಲ್ಲಿ ನೀರು," ಎಂದರು. "ಪರೀಕ್ಷೆ ದಿನ ಹಣೆಗೆ ಬಿಸಿನೀರು ಹಚ್ಕೊಂಡು ಜ್ವರ ಅಂತ ಬರೋ ಮಕ್ಕಳನ್ನ ನೋಡಿದೀನಿ ನಾನು. ನೀವು ಅವರಿಗಿಂತ ಕಡೆ. ಜಿಮ್ಮಿಗೆ ಹೋಗಿ ಏನ್ರೀ ಮಾಡ್ತೀರ?"

ಕಂಡಕ್ಟರು ಇಂಗು ತಿಂದ ಮಂಗನ ಹಾಗೆ ನಿಂತರು.

ಗಂಡ ಬಸ್ಸಿನಲ್ಲಿ ಟಿಕೆಟ್ ಹರಿದು, ಹೆಂಡತಿ ಚಿಕ್ಕ ಮಕ್ಕಳಿಗೆ ಮಗ್ಗಿ ಕಲಿಸಿ ನಿವೃತ್ತರಾದವರು. ಬೀದಿಯವರಿಗೆ ಇವತ್ತಿಗೂ ಅವರು ಕಂಡಕ್ಟರು, ಟೀಚರಮ್ಮ. ಕಳೆದ ವರ್ಷ ಟೀಚರಮ್ಮ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಕಾಯಿಲೆಯೇನೋ ಹೋಯಿತು, ಹೋಗುವಾಗ ಕಾಲಿನ ಕಸುವನ್ನೂ ಜೊತೆಗೆ ಒಯ್ದಿತು. ಎಬ್ಬಿಸಿ ನಿಲ್ಲಿಸಿದರೆ ಗೋಡೆ ಹಿಡಿದು ನಡೆಯುತ್ತಾರೆ, ಕೂತರೆ ಮಾತ್ರ ಏಳಲಾಗುವುದಿಲ್ಲ. ಹೀಗೆ ಒಂದು ಬೆಳಿಗ್ಗೆ ಅವರನ್ನು ಸ್ನಾನದ ಸ್ಟೂಲಿನಿಂದ ಎಬ್ಬಿಸಲು ಹೋದ ಕಂಡಕ್ಟರ ಸೊಂಟ ಹಿಡಿದುಕೊಂಡಿತು. ಇಬ್ಬರೂ ಒಟ್ಟಿಗೇ ಒದ್ದೆ ನೆಲದ ಮೇಲೆ ಕುಸಿದು ಕೂತರು. ಪಕ್ಕದ ಮನೆಯವರು ಬಂದು ಎಬ್ಬಿಸುವವರೆಗೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ವಿಷಯ ತಿಳಿದು ಮಗಳು ಓಡಿ ಬಂದಳು. ಅವಳದು ಊರಿನ ಆಚೆ ತುದಿಯಲ್ಲಿ ಔಷಧಿ ಅಂಗಡಿ, ಅದರ ಮೇಲೆ ಚಿಕ್ಕ ಮನೆ.

"ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ. ಅತ್ತೆಯವರನ್ನ ನೋಡ್ಕೊಳ್ಳೋ ನರ್ಸೇ ಇವಳನ್ನೂ ನೋಡ್ಕೋತಾಳೆ. ಅತ್ತೆ ರೂಮಲ್ಲಿ ಇನ್ನೊಂದು ಮಂಚ ಹಿಡಿಯತ್ತೆ."

ಕಂಡಕ್ಟರಿಗೆ ಬೇಕಾದ ಮೂರನೆಯ ಮಂಚದ ಮಾತನ್ನು ಯಾರೂ ಎತ್ತಲಿಲ್ಲ. ಜಾಗವಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಕಂಡಕ್ಟರು ಮಗಳ ಕೈ ಹಿಡಿದುಕೊಂಡರು.

"ಸ್ವಲ್ಪ ಟೈಮ್ ಕೊಡಮ್ಮ. ನಾನು ಜಿಮ್ಮಿಗೆ ಸೇರ್ತೀನಿ."

ಮಗಳು ನಗಲು ಹೊರಟವಳು ಅಪ್ಪನ ಮುಖ ನೋಡಿ ನಗು ತಡೆದಳು. "ಸರಿ. ಬೇಸಿಗೆ ರಜಕ್ಕೆ ಬರ್ತೀನಿ. ಅಮ್ಮನ್ನ ಅದೇ ಸ್ಟೂಲಿಂದ ನೀನೊಬ್ಬನೇ ನನ್ನ ಕಣ್ಣೆದುರಿಗೆ ಎತ್ತಬೇಕು. ಆಗಲಿಲ್ಲ ಅಂದ್ರೆ ನಾನು ಹೇಳಿದ ಹಾಗೆ ಕೇಳಬೇಕು."

ಶುರುವಿನಲ್ಲಿ ಉತ್ಸಾಹಕ್ಕೇನೂ ಬರವಿರಲಿಲ್ಲ. ಕೋಚ್ ನಡುವಯಸ್ಸಿನ ಗಟ್ಟಿಮುಟ್ಟಾದ ಹೆಂಗಸು. ಕೈಗೊಂದು ಕೋಲು ಕೊಟ್ಟು, "ಬೆನ್ನು ನೆಟ್ಟಗಿರಲಿ ಯಜಮಾನ್ರೇ, ಮಂಡಿ ಬಗ್ಗಿಸಿ," ಎಂದು ಕಲಿಸಿದಳು. ಮಾರನೆಯ ದಿನ ಕಂಡಕ್ಟರಿಗೆ ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಲ್ಲುತ್ತಿದ್ದವರು ಟ್ರೆಡ್‌ಮಿಲ್ಲಿನ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು. ಎಷ್ಟು ನಡೆದರೂ ಒಂದು ಸ್ಟಾಪೂ ಬರುವುದಿಲ್ಲವಲ್ಲ ಎಂದು ಬೇಸರಪಟ್ಟರು. ಕೊನೆಗೆ ಅವರನ್ನು ಸೋಲಿಸಿದ್ದು ನೋವಲ್ಲ, ಕನ್ನಡಿ. ದಿನವೂ ಅದೇ ಹೊಟ್ಟೆ, ಅದೇ ಬಡಕಲು ತೋಳು.

ಆಗ ಹಳೆಯ ಕಸುಬು ಕೈಹಿಡಿಯಿತು. ಸಂಜೆ ಹೊತ್ತು ಜಿಮ್ಮಿನಲ್ಲಿ ನೂಕುನುಗ್ಗಲು. "ಹಿಂದೆ ಹೋಗಿ ಸ್ವಾಮಿ, ಹಿಂದೆ ಖಾಲಿ ಇದೆ! ರೀ ಕೆಂಪು ಶರಟು, ನಿಮ್ಮದು ಮುಗೀತಲ್ಲ, ಇಳೀರಿ, ಅವರು ಕಾಯ್ತಿದಾರೆ!" ಜನ ನಗುತ್ತಲೇ ಮಾತು ಕೇಳಿದರು. ವಾರ ಕಳೆಯುವುದರೊಳಗೆ ಯಾವ ಯಂತ್ರಕ್ಕೆ ಯಾರ ಸರದಿ ಎನ್ನುವುದು ಅವರ ಬಾಯಿಂದಲೇ ಬರಬೇಕು ಎನ್ನುವಂತಾಯಿತು. ಅವರ ಸರದಿ ಮಾತ್ರ ಬರಲೇ ಇಲ್ಲ. ಮನೆಗೆ ಹೊರಡುವಾಗ ಟವೆಲನ್ನು ನಲ್ಲಿಗೆ ಹಿಡಿಯುತ್ತಿದ್ದರು.

ಇದನ್ನೆಲ್ಲ ಕಂಡಕ್ಟರು ಹೆಂಡತಿಯ ಮುಂದೆ ಒಪ್ಪಿಕೊಂಡರು. ಟೀಚರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಂಡ ಮಾತ್ರ ನಗಲಿಲ್ಲ.

"ನನ್ನ ಕೈಲಾಗಲ್ಲ ಕಣೆ. ಈ ವಯಸ್ಸಲ್ಲಿ ಇನ್ನೇನು ಶಕ್ತಿ ಬರತ್ತೆ? ನಾಳೆಯಿಂದ ಹೋಗಲ್ಲ. ನೀನು ಇಲ್ಲಿರೋಷ್ಟು ದಿನ ನಿನ್ನ ಪಕ್ಕದಲ್ಲೇ ಕೂತಿರ್ತೀನಿ."

ಟೀಚರಮ್ಮನ ನಗು ಅಲ್ಲಿಗೇ ನಿಂತಿತು. "ಅಯ್ಯೋ, ಬೇಡಪ್ಪ! ಹೋಗಿ. ಏನೂ ಮಾಡದೇ ಇದ್ರೂ ಪರವಾಗಿಲ್ಲ, ಅಲ್ಲೇ ಇದ್ದು ಬನ್ನಿ. ದಿನಾ ಹೋಗ್ಲೇಬೇಕು."

ಇದು ಕಂಡಕ್ಟರ ಎದೆಗೆ ನಾಟಿತು. ಪಕ್ಕದಲ್ಲಿ ಕೂತಿರ್ತೀನಿ ಅಂದರೆ ಹೊರಗೆ ಅಟ್ಟುತ್ತಾಳಲ್ಲ! ಮಾರನೆಯ ಸಂಜೆ ಮುಖ ಊದಿಸಿಕೊಂಡೇ ಹೊರಟರು. ಬೀದಿಯ ತಿರುವು ದಾಟಿದ ಮೇಲೆ ನೋಡಿಕೊಂಡರೆ ಕಾಲಲ್ಲಿ ಚಪ್ಪಲಿ. ಸಿಟ್ಟಿನಲ್ಲಿ ಬೂಟು ಮರೆತಿದ್ದರು. ವಾಪಸು ಬಂದು ಮೆಟ್ಟಿಲು ಹತ್ತಿದರೆ ಒಳಗಿನಿಂದ ಹೆಂಡತಿಯ ದನಿ ಕೇಳಿತು. ಯಾರನ್ನೋ ಗದರಿಸುತ್ತಿದ್ದರು.

"ಏಳು ಅಂದೆ. ಸೋಮಾರಿ. ದಿನಾ ಒಂದೇ ನೆಪ ಹೇಳ್ತೀಯ. ಏಳು!"

ಓರೆಯಾಗಿದ್ದ ಬಾಗಿಲ ಸಂದಿಯಿಂದ ಕಂಡಕ್ಟರು ನೋಡಿದರು. ಟೀಚರಮ್ಮ ತಮ್ಮ ಕುರ್ಚಿಗೆ ತಾಗಿದ್ದ ಊಟದ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದು, ತಮ್ಮ ಎರಡು ಕಾಲುಗಳನ್ನೇ ದುರುಗುಟ್ಟಿ ನೋಡುತ್ತಿದ್ದರು. ಕುರ್ಚಿಯಿಂದ ಅರ್ಧ ಎದ್ದರು. ಮಂಡಿ ಗಡಗಡ ನಡುಗಿ, ದೊಪ್ಪೆಂದು ಮತ್ತೆ ಕೂತರು. ಕಂಡಕ್ಟರ ಕೈ ಆಗಲೇ ಬಾಗಿಲನ್ನು ನೂಕಲು ಹೋಗಿತ್ತು.

ಅಲ್ಲೇ ನಿಂತರು. ತಾನು ಒಳಗಿದ್ದಿದ್ದರೆ ಇಷ್ಟು ಹೊತ್ತಿಗೆ ಓಡಿ ಹೋಗಿ ಹಿಡಿದಾಗುತ್ತಿತ್ತು ಎಂದು ಅವರಿಗೆ ಹೊಳೆಯಿತು. ಎಷ್ಟೋ ತಿಂಗಳಿಂದ ಒಂದು ಲೋಟ ನೀರನ್ನೂ ಅವಳಾಗಿ ತೆಗೆದುಕೊಳ್ಳಲು ಬಿಟ್ಟಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ತಾನಿಲ್ಲದ ಈ ಒಂದು ಗಂಟೆ. ಕೈ ಹಿಂದಕ್ಕೆಳೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡರು. ಟೀಚರಮ್ಮ ಮತ್ತೆ ಎದ್ದರು. ಈ ಸಲ ಪೂರ್ತಿ. ಹಣೆಗೆ ಕೂದಲು ಅಂಟಿಕೊಂಡಿತ್ತು, ಮುಖದ ಮೇಲೆ ಬೆವರು ಇಳಿಯುತ್ತಿತ್ತು. ಅಷ್ಟು ಚೆಂದದ ಹೆಂಡತಿಯನ್ನು ಕಂಡಕ್ಟರು ಮದುವೆಯ ದಿನವೂ ನೋಡಿರಲಿಲ್ಲ.

ಸದ್ದಾಗದಂತೆ ಮೆಟ್ಟಿಲಿಳಿದು ಜಿಮ್ಮಿಗೆ ಹೋದರು. ಚಪ್ಪಲಿ ಕಳಚಿ ಬರಿಗಾಲಲ್ಲೇ ಕೋಲು ಹಿಡಿದು ನಿಂತರು.

"ಕಂಡಕ್ಟ್ರೇ, ಹಿಂದೆ ಖಾಲಿ ಇದೆಯಾ?" ಎಂದು ಯಾರೋ ಕೂಗಿದರು.

"ನೀವೇ ನೋಡ್ಕೊಳ್ಳಿ ಸ್ವಾಮಿ. ನಂಗೆ ಪುರುಸೊತ್ತಿಲ್ಲ."

ಅಂದು ಮನೆಗೆ ಬಂದು ತಾವಾಗಿಯೇ ಟವೆಲ್ ಚಾಚಿದರು. ಟೀಚರಮ್ಮ ಮೂಸಿ ನೋಡಿ, ಮೂಗು ಮುಚ್ಚಿಕೊಂಡು, "ಥೂ, ಬಕೆಟ್ಟಿಗೆ ಹಾಕಿ," ಎಂದರು. ಮುಖ ಮಾತ್ರ ಅರಳಿತ್ತು. ಕಂಡದ್ದನ್ನು ಕಂಡಕ್ಟರು ಹೇಳಲಿಲ್ಲ.

ಹಾಗೆಂದು ಮೈಗಳ್ಳತನ ಒಂದೇ ಏಟಿಗೆ ಬಿಟ್ಟುಹೋಗಲಿಲ್ಲ. ಸೊಂಟ ನೋಯುವ ದಿನ ಇತ್ತು, ಹಾಸಿಗೆ ಬಿಟ್ಟು ಏಳುವುದೇ ಬೇಡವೆನಿಸುವ ದಿನ ಇತ್ತು. ಆದರೂ ಗಂಟೆ ಹೊಡೆದ ಕೂಡಲೇ ಮನೆ ಖಾಲಿ ಮಾಡುತ್ತಿದ್ದರು. ತನಗೆ ಬೇಡವಾದ ದಿನ ಅವಳಿಗೆ ಬೇಕಲ್ಲ! ವಾಪಸು ಬರುವಾಗ ಕೆಳಗಿನ ಮೆಟ್ಟಿಲಿನಿಂದಲೇ ಜೋರಾಗಿ ಕೆಮ್ಮುತ್ತಿದ್ದರು. ಬಾಗಿಲು ತೆರೆದಾಗ ಟೀಚರಮ್ಮ ಕಿಟಕಿಯ ಪಕ್ಕ ಪುಸ್ತಕ ಹಿಡಿದು ಕೂತಿರುತ್ತಿದ್ದರು, ಏದುಸಿರು ಬಿಡುತ್ತ. ಈ ಅವಸರದಲ್ಲಿ ಒಮ್ಮೊಮ್ಮೆ ಪುಸ್ತಕ ತಲೆಕೆಳಗಾಗಿರುತ್ತಿತ್ತು.

ರಜಕ್ಕೆ ಮಗಳು ಬಂದಳು. ಕಾರಿನ ಹಿಂದಿನ ಸೀಟಿನಲ್ಲಿ ಅಮ್ಮನಿಗಾಗಿ ದಿಂಬು, ಹೊದಿಕೆ ಎಲ್ಲ ಜೋಡಿಸಿಕೊಂಡೇ ಬಂದಿದ್ದಳು. ಅದನ್ನು ಕಿಟಕಿಯಿಂದ ಕಂಡ ಕಂಡಕ್ಟರು ಪಂಚೆ ಎತ್ತಿ ಕಟ್ಟಿಕೊಂಡರು.

ಬಚ್ಚಲಿನ ಬಾಗಿಲಲ್ಲಿ ಮಗಳು, ಸ್ಟೂಲಿನ ಮೇಲೆ ಟೀಚರಮ್ಮ, ಎದುರಿಗೆ ಕಂಡಕ್ಟರು. ಮಂಡಿ ಬಗ್ಗಿಸಿದರು. ಬೆನ್ನು ನೆಟ್ಟಗೆ ಮಾಡಿ, ಹೆಂಡತಿಯ ಕಂಕುಳ ಕೆಳಗೆ ತೋಳು ತೂರಿಸಿದರು. ಆ ಒದ್ದೆ ನೆಲದ ಬೆಳಿಗ್ಗೆ ಇಬ್ಬರ ಕಣ್ಣಿಗೂ ಕಟ್ಟಿತು.

"ಹೆದರ್ಕೊಂಡಿದೀರಾ?" ಎಂದು ಟೀಚರಮ್ಮ ಪಿಸುಗುಟ್ಟಿದರು.

"ಹೂಂ."

"ನಾನೂ."

ಕಂಡಕ್ಟರು ಉಸಿರು ಬಿಗಿಹಿಡಿದು ಎತ್ತಿದರು. ಭಾರ ತೋಳಿಗೆ ಬಂತು. ತೋಳು ತಡೆಯಿತು, ಸೊಂಟ ಅಲುಗಲಿಲ್ಲ. ಅರ್ಧ ಏಳುವಷ್ಟರಲ್ಲಿ ಆ ಭಾರ ತೋಳುಗಳಿಂದ ಇಳಿದುಹೋಯಿತು. ಟೀಚರಮ್ಮ ತಮ್ಮ ಕಾಲ ಮೇಲೆ ತಾವು ನಿಂತಿದ್ದರು.

"ಅಪ್ಪಾ! ಎತ್ತೇಬಿಟ್ಯಲ್ಲಪ್ಪ!"

ಕಂಡಕ್ಟರು ಬಾಯಿ ತೆರೆಯುವ ಮೊದಲೇ ಟೀಚರಮ್ಮ ಗಂಡನ ಭುಜದ ಮೇಲಿನಿಂದ ಹೇಳಿದರು: "ಮತ್ತೇನೇ? ಹೂವು ಎತ್ತಿದ ಹಾಗೆ ಎತ್ತಿದ್ರು ನೋಡು. ಏನ್ ಶಕ್ತಿ ಬಂದಿದೆ ನಿಮ್ಮಪ್ಪಂಗೆ!"

ಮಗಳು ಕಣ್ಣೊರೆಸಿಕೊಂಡು, ಮಂಚ ಬೇಡವೆಂದು ಗಂಡನಿಗೆ ಹೇಳಲು ಫೋನ್ ಹಿಡಿದು ಹೊರಗೆ ಹೋದಳು. ಬಚ್ಚಲಿನಲ್ಲಿ ಇಬ್ಬರೇ ಉಳಿದರು.

"ಕೈ ಬಿಡಿ ರೀ," ಎಂದರು ಟೀಚರಮ್ಮ ಮೆಲ್ಲಗೆ. "ನಾನೇ ನಿಂತಿದೀನಿ."

"ಗೊತ್ತು," ಎಂದರು ಕಂಡಕ್ಟರು. ಕೈ ಬಿಡಲಿಲ್ಲ.