ಚಿತ್ರದ ಕೆಳಗಿನ ಫಲಕ

"ಫಲಕ ಈ ಫ್ರೇಮಿನ ಅಗಲಕ್ಕೆ ಸರಿಯಾಗಿರಬೇಕಮ್ಮ, ಒಂದು ಕೂದಲಷ್ಟೂ ಹೆಚ್ಚುಕಮ್ಮಿ ಆಗಬಾರದು," ಎಂದು ಜಗನ್ನಾಥ್ ಚಿತ್ರವನ್ನು ಮೇಜಿನ ಮೇಲಿಟ್ಟರು.

ನಾಯಂಡಹಳ್ಳಿಯ ಆ ನೇಮ್‌ಪ್ಲೇಟ್ ಅಂಗಡಿಯಲ್ಲಿ ಹಿತ್ತಾಳೆಯ ಮೇಲೆ ಆಸಿಡ್ಡಿನಿಂದ ಅಕ್ಷರ ಮೂಡಿಸುವವಳು ಗದಗಿನ ಕಡೆಯ ಸುವರ್ಣಾ. ಚಿತ್ರ ನೋಡುತ್ತಲೇ ಅವಳ ಮುಖ ಅರಳಿತು. ಕಪ್ಪು ಗೆರೆಗಳ ಗೋಜಲು, ನಡುವೆ ದೊಡ್ಡದೊಂದು ಕಲೆ; ಇಂಥದ್ದೆಂದು ಹೇಳಲಾಗದ ಚಿತ್ರ. ಆದರೆ ಅದು ಹುಟ್ಟಿದ್ದು ಇಲ್ಲೇ, ಅವಳ ಆಸಿಡ್ ಟ್ರೇಯಲ್ಲಿ. "ತಗೀರಿ ಸರ, ತಗಡು ತೂತ ಬೀಳ್ತದ" ಎಂದು ಅವಳು ಬಡಕೊಂಡರೂ ಕಲಾವಿದ ಅಮರೇಶ ಕೇಳಿರಲಿಲ್ಲ. "ತಿನ್ಲಿ ಬಿಡವ್ವಾ" ಎಂದು ನಗುತ್ತಾ ಕೂತಿದ್ದರು. ಆಸಿಡ್ ತಿಂದ ಜಾಗವೇ ಆ ಕಲೆ. ಆ ತಗಡಿಗೆ ಶಾಯಿ ಬಳಿದು ಕಾಗದದ ಮೇಲೆ ತೆಗೆದ ಒಂದೇ ಒಂದು ಅಚ್ಚು ಈ ಚಿತ್ರ; ಅದನ್ನು ಚಿತ್ರಗಳ ವ್ಯಾಪಾರಿ ಜಗನ್ನಾಥ್ ಮಾರದೆ ತಮ್ಮ ಸ್ವಂತ ಸಂಗ್ರಹದಲ್ಲಿ ಇಟ್ಟುಕೊಂಡಿದ್ದರು.

"ಸರ ಹ್ಯಾಂಗದಾರ್ರಿ?"

"ಚೆನ್ನಾಗಿದ್ದಾರೆ. ನಿದ್ದೆ ಜಾಸ್ತಿ ಅಷ್ಟೆ."

ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಹಿಂದೆಮುಂದೆ ಯಾರೂ ಇಲ್ಲದ ಅಮರೇಶರನ್ನು ಜಗನ್ನಾಥರೇ ಆರ್‌ಪಿಸಿ ಲೇಔಟಿನ ತಮ್ಮ ಮನೆಗೆ ಕರೆದೊಯ್ದಿದ್ದರು. ಎಂಥ ದೊಡ್ಡ ಮನಸ್ಸು ಎಂದು ಜನ ಹೊಗಳಿದ್ದೇ ಹೊಗಳಿದ್ದು. ಸುವರ್ಣಾ ರೊಟ್ಟಿ ಕಟ್ಟಿಕೊಂಡು ಮೂರು ಸಲ ಹೋಗಿದ್ದಳು. ಮಲಗಿದ್ದಾರೆಂದು ಮೂರು ಸಲವೂ ಜಗನ್ನಾಥ್ ಗೇಟಿನಿಂದಲೇ ವಾಪಸ್ ಕಳಿಸಿದ್ದರು. ಗಂಡ ಕೈಬಿಟ್ಟಾಗ ಈ ಕೆಲಸ ಕೊಡಿಸಿದ ಮನುಷ್ಯ ಆತ.

ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಫಲಕದಲ್ಲಿ ಏನಿರಬೇಕೆಂದು ಗಿರಾಕಿಯೇ ಕೈಯಾರೆ ಬರೆದು ಸಹಿ ಹಾಕಬೇಕು. ಆಮೇಲೆ ಕಾಗುಣಿತದ ಜಗಳ ಬೇಡ. ಜಗನ್ನಾಥ್ ಚೀಟಿಯಲ್ಲಿ ಮುದ್ದಾಗಿ ಬರೆದರು: ಅಮರೇಶ, ೧೯೫೧–೨೦೨೫. ಕೆಳಗೆ ಸಹಿ.

ಸುವರ್ಣಾ ಎರಡನೆಯ ಇಸವಿಯ ಮೇಲೆ ಬೆರಳಿಟ್ಟಳು.

"ಸರ ಇನ್ನೂ ಅದಾರಲ್ರಿ?"

"ಇದ್ದಾರಮ್ಮ. ಅವರ ನೆನಪಿನ ಪ್ರದರ್ಶನ ಇರೋದು ಜನವರೀಲಿ. ಕೊನೇ ಗಳಿಗೇಲಿ ಓಡಾಡೋಕಾಗಲ್ಲ ಅಂತ ಈಗಲೇ ಮಾಡಿಸ್ತಾ ಇದೀನಿ." ಗಾಜಿನ ಮೇಲಿನ ಧೂಳನ್ನು ಕರ್ಚೀಫಿನಿಂದ ಒರೆಸಿದರು. "ವರ್ಷ ಮುಗಿಯೋಕೆ ಇನ್ನೂ ಹತ್ತು ದಿನ ಇದೆಯಲ್ಲ."

ಗ್ಯಾಸ್ ಸಿಲಿಂಡರ್ ಬುಕ್ ಮಾಡುವವರ ದನಿ ಅದು. ಸುವರ್ಣಾ ಅಮರೇಶರ ನಂಬರಿಗೆ ಫೋನ್ ಹಚ್ಚಿದಳು. ಜಗನ್ನಾಥರ ಅಂಗಿಯ ಜೇಬಿನಲ್ಲಿ ರಿಂಗಾಯಿತು.

"ಅವರಿಗ್ಯಾಕೆ ತೊಂದರೆ ಅಂತ ನಾನೇ ಇಟ್ಕೊಂಡಿದೀನಿ," ಎಂದರು, ತೆಗೆಯದೆ.

"ನಾ ಈಗ ಸರನ್ನ ನೋಡಬೇಕ್ರಿ."

"ಮಲಗಿದ್ದಾರೆ. ಆ ಚೀಟಿ ಕೊಡಮ್ಮ, ಬೇರೆ ಬರೆದುಕೊಡ್ತೀನಿ."

"ಕೊಡಂಗಿಲ್ರಿ."

ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಅವಳು ಚಪ್ಪಲಿ ಮೆಟ್ಟಿದಳು.

"ಹೋಗಿ ಏನು ಮಾಡ್ತೀಯಮ್ಮ? ಬೀಗದ ಕೈ ನನ್ನ ಹತ್ರ ಇದೆ."

ಅವಳು ರಸ್ತೆಗಿಳಿದು ಆಟೋಗೆ ಕೈ ಅಡ್ಡ ಹಿಡಿದಳು. "ಪೊಲೀಸ್ ಸ್ಟೇಷನ್ನಿಗೆ, ಲಗೂನ ನಡೀರಿ ಅಣ್ಣ," ಎಂದು ಹತ್ತಿ ಕೂತು ತಿರುಗಿ ನೋಡಿದಳು. ಒಳಗೆ ಜಗನ್ನಾಥ್ ಅವಸರವೇನೂ ಇಲ್ಲದೆ, ನಾಲ್ಕೂ ಮೂಲೆ ನೋಡಿಕೊಂಡು, ಚಿತ್ರವನ್ನು ಬಿಳಿ ಬಟ್ಟೆಯಲ್ಲಿ ಸುತ್ತುತ್ತಿದ್ದರು.