ನಾನು ಹೇಳದ ಜಾಗ

ನನ್ನ ಅಣಬೆ ಜಾಗ ಎಲ್ಲಿದೆ ಎಂದು ಕೇಳಬೇಡಿ. ಕೇಳಿದರೆ ಹೇಳುತ್ತೇನೆ, ಆದರೆ ಸುಳ್ಳು ಹೇಳುತ್ತೇನೆ. ನಮ್ಮ ತುಖೋಲಾ ಕಾಡಿನ ಸೀಮೆಯಲ್ಲಿ ಅದು ಮರ್ಯಾದೆಯ ವಿಷಯ. ನೆರೆಯವನಿಗೆ ಕುದುರೆ ಕೊಡಬಹುದು, ಹೆಣ್ಣು ಕೊಡಬಹುದು, ಅಣಬೆ ಏಳುವ ಜಾಗ ಮಾತ್ರ ಕೊಡುವಂತಿಲ್ಲ. ತುಂಬಿದ ಬುಟ್ಟಿಯ ಮೇಲೆ ಜರಿಗಿಡದ ಎಲೆ ಮುಚ್ಚಿಕೊಂಡು ಬರುವಾಗ ಯಾರಾದರೂ ಎದುರಾದರೆ, "ಏನೂ ಇಲ್ಲಪ್ಪ, ಎಲ್ಲಾ ಹುಳ ಬಿದ್ದಿದೆ, ಬೇಕಾದ್ರೆ ಆ ಕಡೆ ನೋಡು" ಎಂದು ಬೇರೆ ದಿಕ್ಕಿಗೆ ಕೈ ತೋರಿಸಬೇಕು. ಎದುರಾದವನು "ಹೌದಾ, ಪಾಪ" ಎಂದು ತಲೆಯಾಡಿಸಬೇಕು.

ಈ ಕಲೆಯಲ್ಲಿ ಸೆವೆರಿನ್ ಎಂಬ ನನ್ನನ್ನು ಮೀರಿಸುವವನು ಇಡೀ ಪೋಲೆಂಡಿನಲ್ಲಿ ಹುಟ್ಟಿಲ್ಲ. ನನ್ನ ಜಾಗದಲ್ಲಿ ಎದ್ದ ಒಂದು ರಾಜ ಅಣಬೆಯ ಕೊಡೆಯ ಕೆಳಗೆ ಒಮ್ಮೆ ಇಡೀ ಮದುವೆ ದಿಬ್ಬಣ, ಅಕಾರ್ಡಿಯನ್ ನುಡಿಸುವವನ ಸಮೇತ, ಮಳೆ ನಿಲ್ಲುವವರೆಗೆ ನಿಂತಿತ್ತು. ಕ್ರಿಸ್‌ಮಸ್ ಹಿಂದಿನ ಸಂಜೆ ಊರಿನ ಯಾವ ಮನೆಯ ಸಾರು ಕುದಿದರೂ ಅದರಲ್ಲಿ ನನ್ನ ಒಣ ಅಣಬೆಯ ಘಮ. ಆ ಜಾಗವನ್ನು ನಮ್ಮಪ್ಪ ನನ್ನ ಕಿವಿಯಲ್ಲಿ ಹೇಳಿಯೇ ಪ್ರಾಣ ಬಿಟ್ಟದ್ದು. ಅದೊಂದು ಕೈತಪ್ಪಿದರೆ ನಾನು ಊರಿನ ಇನ್ನೊಬ್ಬ ಮುದುಕ, ಅಷ್ಟೇ.

ಹೀಗಿರುವಾಗ ಪಕ್ಕದ ಮನೆಯ ಹುಡುಗಿ ಕಲೀನಾ ಶಾಲೆ ಬಿಟ್ಟಳು. ವರ್ಷದ ಕೊನೆಗೆ ಪಟ್ಟಣಕ್ಕೆ ಹೋಗಿ ಪರೀಕ್ಷೆ ಬರೆದು ಬರುವುದು, ಮಿಕ್ಕ ದಿನ ತನಗೆ ಬೇಕಾದ್ದನ್ನು ತಾನೇ ಕಲಿಯುವುದು ಎಂದು ಅವಳೂ ಅವಳ ತಾಯಿಯೂ ನಿಶ್ಚಯಿಸಿದರಂತೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನ್ನ ಮೊಮ್ಮಗನೋ ಪ್ರತಿ ಬೇಸಿಗೆಯಲ್ಲೂ ಶಾಲೆಯಿಂದ ಹೆಚ್ಚು ಅಂಕದವರಿಗೆ ಕೊಡುವ ಕೆಂಪು-ಬಿಳಿ ಪಟ್ಟಿಯ ಪ್ರಮಾಣಪತ್ರ ತರುವ ಜಾಣ. ಈ ಹುಡುಗಿ ಹೆದ್ದಾರಿ ಪಕ್ಕ, ನಾನು ಅಣಬೆ ಮಾರುವ ಸ್ಟೂಲಿನ ಪಕ್ಕದಲ್ಲೇ ಸ್ಟೂಲು ಹಾಕಿ ಅಣಬೆ ಜಾಡಿ ಮಾರಲು ಕೂತಳು.

ಮೊದಲ ವಾರ ಅವಳ ಒಣ ಅಣಬೆಗೆ ಬೂಷ್ಟು ಹಿಡಿಯಿತು. ನಾನು ಹಬ್ಬ ಮಾಡಿದೆ. ಅವಳು ಹಳೆಯ ಬೀರು, ತಲೆ ಒಣಗಿಸುವ ಯಂತ್ರ ಸೇರಿಸಿ ಒಣಗಿಸುವ ಪೆಟ್ಟಿಗೆ ಕಟ್ಟಿದಳು. ಗ್ಡಾನ್ಸ್ಕ್ ನಗರದ ಹೆಂಗಸೊಬ್ಬಳು "ಇದರಲ್ಲಿ ವಿಷದ್ದು ಇಲ್ಲ ಅಂತ ಹೇಗೆ ನಂಬೋದು?" ಎಂದು ಕೇಳಿದ್ದೇ ತಡ, ಚಳಿಗಾಲವೆಲ್ಲ ಪಟ್ಟಣದ ಆರೋಗ್ಯ ಕಚೇರಿಯ ಅಣಬೆ ಪರೀಕ್ಷಕಿಯ ಬೆನ್ನು ಹತ್ತಿ ವಿಷದ್ದನ್ನು ಗುರುತಿಸಲು ಕಲಿತಳು. ಜರ್ಮನ್ ಗಿರಾಕಿಗಳ ಜೊತೆ ಚೌಕಾಸಿ ಮಾಡುತ್ತಲೇ ಜರ್ಮನ್ ಕಲಿತಳು. ಮುಂದಿನ ಶರತ್ಕಾಲಕ್ಕೆ ಶನಿವಾರ ಶನಿವಾರ ಪಟ್ಟಣದವರ ದಂಡು ಕಟ್ಟಿಕೊಂಡು ಕಾಡು ಸುತ್ತಿಸತೊಡಗಿದಳು. ಅವಳದೊಂದು ವಿಚಿತ್ರ ನಿಯಮ: ಬಂದವರು ಮೊದಲು ತಾವು ಏನು ಕಲಿಯಬೇಕೆಂದು ಹೇಳಬೇಕು, ಆಮೇಲೆ ತಾವೇ ಹುಡುಕಬೇಕು. ಹುಡುಕುವುದಕ್ಕೆ ದುಡ್ಡು ಬೇರೆ! ನನ್ನ ಸ್ಟೂಲಿನ ಮುಂದೆ ನಿಲ್ಲುತ್ತಿದ್ದ ಕಾರುಗಳು ನನ್ನ ಟೋಪಿ ಹಾರುವಂತೆ ಗಾಳಿ ಬೀಸಿ ಅವಳ ಮುಂದೆ ನಿಲ್ಲುತ್ತಿದ್ದವು. ನನ್ನ ಹೊಟ್ಟೆಯಲ್ಲಿ ಎದ್ದ ಉರಿಗೆ ಆ ವರ್ಷ ನನ್ನ ಹೆಂಡತಿ ಗೆನೋವೆಫಾ ಒಲೆಗೆ ಸೌದೆ ಹಾಕಲೇ ಇಲ್ಲ.

ಸಂಜೆಯಾದರೆ ಕಲೀನಾ ನಮ್ಮ ಬೇಲಿಗೆ ಬರುತ್ತಿದ್ದಳು.

"ಸೆವೆರಿನ್ ತಾತ, ರಾಜ ಅಣಬೆ ಎಲ್ಲಿ ಏಳುತ್ತೆ?"

"ಹಳೇ ಗಿರಣಿ ಹಿಂದೆ, ಕಂದ. ಅಲ್ಲಿ ಅಣಬೆ ಎಡವಿ ಕರಡಿ ಕಾಲು ಮುರ್ಕೊಂಡಿತ್ತು."

ಮರುದಿನ ಜೌಗಿನ ಆಚೆಗೆ ಕಳಿಸಿದೆ. ಆಮೇಲೆ ಸುಟ್ಟ ಗುಡ್ಡಕ್ಕೆ, ರೈಲು ಹಳಿಯಾಚೆಗೆ, ತೋಳದ ಹಳ್ಳಕ್ಕೆ. ಸೊಂಟದವರೆಗೆ ಕೆಸರಾಗಿ ಬರುತ್ತಾಳೆಂದು ಕಿಟಕಿಯಲ್ಲಿ ಕಾದರೆ, ಜೌಗಿನಿಂದ ಬಕೆಟ್ ತುಂಬ ಕೆಂಪು ಹುಳಿಹಣ್ಣು ತಂದು ಜಾಮ್ ಮಾಡಿ ಮಾರಿದಳು. ಸುಟ್ಟ ಗುಡ್ಡದಿಂದ ಹಳದಿ ಅಣಬೆ ತಂದಳು. ನನ್ನ ಸುಳ್ಳನ್ನೇ ಜಾಡಿಗೆ ತುಂಬಿ ಮಾರುತ್ತಿದ್ದಾಳಲ್ಲ!

"ಸುಮ್ನಿರಬಾರ್ದಾ?" ಎಂದಳು ಗೆನೋವೆಫಾ. "ನೀವು ಬಾಯಿ ಬಿಟ್ಟಷ್ಟೂ ಆ ಹುಡುಗಿ ಅಂಗಡಿ ದೊಡ್ಡದಾಗ್ತಾ ಇದೆ."

"ನಾನು ಹೇಳಿದ್ರಲ್ಲಿ ನಿಜ ಒಂದೂ ಇಲ್ಲ ಕಣೇ."

"ಅದೇ ನಂಗೂ ಭಯ."

ಅಕ್ಟೋಬರಿನ ಒಂದು ಬೆಳಿಗ್ಗೆ. ಮಂಜು ಎಷ್ಟು ದಟ್ಟವೆಂದರೆ ಚಾಕುವಿನಿಂದ ಕೊಯ್ದು ದಾರಿ ಮಾಡಿಕೊಂಡು ಹೋದೆ. ನನ್ನ ಜಾಗಕ್ಕೆ, ಬರ್ಚ್ ಮರಗಳ ಆ ಪುಟ್ಟ ತೋಪಿಗೆ, ಕಾಲಿಟ್ಟರೆ ಅಲ್ಲಿ ಕಲೀನಾ ಬುಟ್ಟಿ ಹಿಡಿದು ನಿಂತಿದ್ದಾಳೆ. ನಮ್ಮಪ್ಪ ಗೋರಿಯಲ್ಲಿ ಮಗ್ಗುಲು ಬದಲಿಸಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿತು.

"ಯಾರೇ ಹೇಳಿದ್ದು ನಿಂಗೆ?"

"ನೀವೇ ತಾತ."

"ನಾನಾ? ಈ ನಾಲಿಗೆ ಬಿದ್ದು ಹೋಗ್ಲಿ!"

"ಕಾಡಲ್ಲಿ ಒಂದು ಪೊದೆ ಬಿಡದೆ ಎಲ್ಲಾ ಕಡೆಗೂ ಕಳ್ಸಿದ್ರಿ. ಈ ತೋಪಿನ ಹೆಸರು ಮಾತ್ರ ನಿಮ್ಮ ಬಾಯಲ್ಲಿ ಬರಲೇ ಇಲ್ಲ. ಊರಲ್ಲಿ ಬೇರೆಯವ್ರು ಒಂದೋ ಎರಡೋ ಸುಳ್ಳು ಹೇಳಿ ಸುಮ್ನಾಗ್ತಾರೆ. ಅವರ ಜಾಗ ನಂಗಿನ್ನೂ ಸಿಕ್ಕಿಲ್ಲ. ನೀವು ಧಾರಾಳಿ."

ನಾನು ಕೈ ಅಗಲಿಸಿ ಅಡ್ಡ ನಿಂತೆ. "ಶನಿವಾರ ಆ ಪಟ್ಟಣದ ದಂಡನ್ನ ಇಲ್ಲಿಗೇ ಹೊಡ್ಕೊಂಡು ಬರ್ತೀಯ ಅನ್ನು."

ಅವಳು ಬೆಚ್ಚಿಬಿದ್ದಳು. "ಏನ್ ತಾತ, ನಾನೇನು ವಾರ್ಸಾದಲ್ಲಿ ಹುಟ್ಟಿದವಳಾ? ಜಾಗ ಯಾರಾದ್ರೂ ತೋರಿಸ್ತಾರಾ? ನಮ್ಮಮ್ಮಂಗೂ ಹೇಳಿಲ್ಲ."

ಎದೆಯ ಮೇಲಿನ ಬಂಡೆ ಇಳಿಯಿತು. ಇಳಿದ ಮೇಲೆ ಅವಳ ಬುಟ್ಟಿ ಕಣ್ಣಿಗೆ ಬಿತ್ತು. ಜರಿಯೆಲೆಯ ಸಂದಿಯಲ್ಲಿ ಒಂದು ರಾಜ ಅಣಬೆ ಇಣುಕುತ್ತಿತ್ತು, ನನ್ನ ತಲೆಯಷ್ಟು ದಪ್ಪ. ಅದರ ಕಾಂಡಕ್ಕೆ ಅಂಟಿದ್ದದ್ದು ಓಕ್ ಮರದ ಎಲೆ. ನನ್ನ ತೋಪಿನಲ್ಲಿ ಓಕ್ ಇಲ್ಲ. ಆ ದಿಬ್ಬಣದ ಅಣಬೆ ಬಿಟ್ಟರೆ ನಾನು ಕಂಡ ಯಾವ ಮೂಲೆಯಲ್ಲೂ ಅಷ್ಟು ದೊಡ್ಡದು ಎದ್ದಿಲ್ಲ. ಅಂದರೆ ನನ್ನ ಜಾಗವನ್ನು ಅವಳು ಬರಿದೆ ನೋಡಿಹೋಗಲು ಬಂದಿದ್ದಳು! ಅವಳಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿತ್ತು!

"ಅದೆಲ್ಲಿದು?" ಎಂದೆ.

ಕಲೀನಾ ಎಲೆಯನ್ನು ನಯವಾಗಿ ಮೇಲೆಳೆದಳು. "ಏನೂ ಇಲ್ಲ ತಾತ, ಎಲ್ಲಾ ಹುಳ ಬಿದ್ದಿದೆ. ಬೇಕಾದ್ರೆ ಹಳೇ ಗಿರಣಿ ಹಿಂದೆ ನೋಡಿ. ಕರಡಿ ಹುಷಾರು."

ನಾನು "ಹೌದಾ, ಪಾಪ" ಎಂದು ತಲೆಯಾಡಿಸಬೇಕಾಯಿತು. ಮರ್ಯಾದೆಯ ವಿಷಯ.

ಆ ಶನಿವಾರ ಪಟ್ಟಣದವರ ಸಾಲಿನಲ್ಲಿ ನಾನೂ ದುಡ್ಡು ಕೊಟ್ಟು ನಿಂತೆ, ಗೆನೋವೆಫಾಳ ಹೂವಿನ ಬುಟ್ಟಿ ಹಿಡಿದು. ಇನ್ನು ಶರತ್ಕಾಲವೆಲ್ಲ ಈ ಹುಡುಗಿ ಎಲ್ಲೆಲ್ಲಿಗೆ ಕರೆದೊಯ್ಯುತ್ತಾಳೆ, ಯಾವ ಕಡೆಗೆ ಮಾತ್ರ ಕಾಲಿಡುವುದಿಲ್ಲ ಎಂದು ಕಣ್ಣು ಮಿಟುಕಿಸದೆ ನೋಡುವುದು ನನ್ನ ಪಾಠ. ಕಲೀನಾ ಒಬ್ಬೊಬ್ಬರನ್ನೇ ಕೇಳುತ್ತ ನನ್ನ ಮುಂದೆ ಬಂದಳು.

"ನೀವೇನು ಕಲೀಬೇಕು ತಾತ?"

"ವಿಷದ ಅಣಬೆ ಗುರುತಿಸೋದು."

"ಹೌದಾ, ಪಾಪ," ಎಂದಳು ಅವಳು. "ಸರಿ, ನೀವೇ ಹುಡುಕಿ. ನಾನು ಹೇಳ್ಕೊಡಲ್ಲ."